ಹುಷಾರು ಮಕ್ಕಳ ಟೀಚರ್‌ಗೆ ವಿಶ್ವವಿದ್ಯಾಲಯದ ನೆರವು: ಮಂಗಳೂರು, ಉಡುಪಿ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮದು ಬುದ್ಧಿವಂತರ ಜಿಲ್ಲೆ ಅಂತ ಹೆಸರಾಗಿದೆ. ಪಿಯುಸಿ ಫಲಿತಾಂಶ ಬಂದರೆ ಸಾಕು, ಉಡುಪಿ ಮೇಲೋ ದಕ್ಷಿಣ ಕನ್ನಡ ಮೇಲೋ ಎಂಬ ಮಾತು ಹೋಟೆಲಿನ ಟೇಬಲ್‌ವರೆಗೂ ಬರುತ್ತದೆ. ಆದರೆ ಏಳನೇ ಕ್ಲಾಸಿನಲ್ಲಿ ಕೊಟ್ಟ ಲೆಕ್ಕವನ್ನು ಐದೇ ನಿಮಿಷದಲ್ಲಿ ಮುಗಿಸಿ, ಉಳಿದ ಪೀರಿಯಡ್ ಪೂರ್ತಿ ಕಿಟಕಿಯಾಚೆ ನೋಡುತ್ತಾ ಕೂರುವ ಮಗುವಿಗೆ ನಾವು ಏನು ಕೊಡುತ್ತೇವೆ? ಹೆಚ್ಚಿನ ಕಡೆ ಉತ್ತರ ಒಂದೇ: ಇನ್ನೂ ಹತ್ತು ಲೆಕ್ಕ.

ಈ ಬರಹ ಅಂಥ ಮಗುವಿಗೆ ಪಾಠ ಮಾಡುವ ಟೀಚರ್‌ಗೆ, ಅವರ ಹೆಡ್‌ಮಾಸ್ಟರಿಗೆ. ಜೊತೆಗೆ, ಹತ್ತಿರದ ಕಾಲೇಜಿನಲ್ಲಿದ್ದು ‘ಶಾಲೆಗಳಿಗೆ ಏನಾದರೂ ಮಾಡಬೇಕಲ್ಲ’ ಅಂದುಕೊಳ್ಳುವ ಉಪನ್ಯಾಸಕರಿಗೆ. ವಿಶ್ವವಿದ್ಯಾಲಯ, ದೊಡ್ಡ ಕಾಲೇಜುಗಳಿರುವ ಕೊಣಾಜೆ, ಸುರತ್ಕಲ್, ಮಣಿಪಾಲ ಎಲ್ಲವೂ ಒಂದೆರಡು ಗಂಟೆಯ ಬಸ್ ದಾರಿಯೊಳಗೆ ಇವೆ. ಅಲ್ಲಿಂದ ನೆರವು ಕೇಳುವುದು ಹೇಗೆ, ಸಿಕ್ಕಿದ್ದನ್ನು ಕ್ಲಾಸಿನವರೆಗೆ ತಲುಪಿಸುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ನನ್ನ ಹಠ ಒಂದೇ. ವಿಶ್ವವಿದ್ಯಾಲಯದ ನೆರವು ಮೊದಲು ಟೀಚರ್‌ಗೆ ಸಿಗಬೇಕು, ಮಗುವಿಗೆ ಆಮೇಲೆ. ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು, ಲ್ಯಾಬ್ ತೋರಿಸಿ, ಊಟ ಹಾಕಿಸಿ, ಗ್ರೂಪ್ ಫೋಟೋ ತೆಗೆದು ವಾಪಸ್ ಕಳಿಸುವುದು ಸುಲಭ. ಸೋಮವಾರ ಆ ಮಗು ಮತ್ತೆ ಅದೇ ಬೆಂಚಿಗೆ, ಅದೇ ಹತ್ತು ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೆ ಇನ್ನೂರು ದಿನಕ್ಕಿಂತ ಹೆಚ್ಚು ಆ ಮಗುವಿನ ಎದುರು ನಿಲ್ಲುವವರು ಟೀಚರ್. ಪ್ರೊಫೆಸರ್ ನಿಲ್ಲುವುದು ಒಂದೆರಡು ದಿನ.

ಬೇರೆ ಕಡೆ ಇದು ಹಳೆಯ ಮಾತೇ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯವು 1978ರಿಂದ ಪ್ರತಿಭಾವಂತ ಮಕ್ಕಳ ಟೀಚರ್‌ಗಳಿಗೆ ಬೇಸಿಗೆ ಶಿಬಿರ ನಡೆಸುತ್ತಾ ಬಂದಿದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ 1970ರ ದಶಕದ ಆರಂಭದಲ್ಲೇ, ಲೆಕ್ಕದಲ್ಲಿ ಮುಂದಿದ್ದ ಏಳು-ಎಂಟನೇ ಕ್ಲಾಸಿನ ಮಕ್ಕಳಿಗೆ ಕಾಲೇಜು ಪ್ರವೇಶದ ಪರೀಕ್ಷೆ ಕೊಟ್ಟು ನೋಡಿದರು. ನಮ್ಮಲ್ಲಿ ಪುಣೆಯ ಜ್ಞಾನ ಪ್ರಬೋಧಿನಿ 1962ರಿಂದ ಈ ಕೆಲಸದಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಬೆಂಬಲದಿಂದ ಭಾರತದ ಕ್ಲಾಸುಗಳಲ್ಲೇ ಇಂಥ ಮಕ್ಕಳನ್ನು ಗುರುತಿಸುವ ಬಗ್ಗೆ ಕೆಲಸ ಮಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ 4.43ನೇ ಪ್ಯಾರಾ ಓದಿ. ಬಿ.ಎಡ್.ನಲ್ಲಿ ಪ್ರತಿಭಾವಂತ ಮಕ್ಕಳ ಶಿಕ್ಷಣವನ್ನು ವಿಶೇಷ ವಿಷಯವಾಗಿ ಕಲಿಸಬಹುದು ಅಂತ ಅದು ನೇರವಾಗಿಯೇ ಹೇಳುತ್ತದೆ. ಕಾಲೇಜಿನವರ ಜೊತೆ ಮಾತಾಡುವಾಗ ಈ ಪ್ಯಾರಾದ ಪ್ರಿಂಟ್ ಕೈಯಲ್ಲಿರಲಿ. ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಯಾರನ್ನು ಹುಡುಕುತ್ತಿದ್ದೇವೆ ಅಂತ ಮೊದಲು ಸ್ಟಾಫ್ ರೂಮಿನಲ್ಲಿ ಮಾತಾಡಿ

ಈ ಚರ್ಚೆ ಆಗದೆ ಯಾವ ಕಾಲೇಜಿಗೂ ಹೋಗಬೇಡಿ. ಸ್ಟಾಫ್ ರೂಮಿನಲ್ಲಿ ‘ಪ್ರತಿಭಾವಂತ’ ಅಂದರೆ ಸಾಮಾನ್ಯವಾಗಿ ಬರುವ ಹೆಸರುಗಳು ಯಾವುವು? ಫಸ್ಟ್ ಬರುವವರು, ಅಕ್ಷರ ಚೆಂದ ಇರುವವರು, ಹೇಳಿದ್ದು ಕೇಳುವವರು. ಇವರಲ್ಲಿ ಕೆಲವರು ನಿಜಕ್ಕೂ ಪ್ರತಿಭಾವಂತರು. ಉಳಿದವರು ಶ್ರಮಪಡುವ ಒಳ್ಳೆಯ ಮಕ್ಕಳು. ಪಟ್ಟಿಯಲ್ಲಿ ಇರಬೇಕಾದ ಇನ್ನು ಕೆಲವರು ಹಿಂದಿನ ಬೆಂಚಿನಲ್ಲಿ ಇರುತ್ತಾರೆ.

ಕನೆಕ್ಟಿಕಟ್‌ನ ಜೋಸೆಫ್ ರೆಂಜುಲಿ 1978ರಲ್ಲಿ ಹೇಳಿದ ಮಾತು ಈಗಲೂ ಸ್ಟಾಫ್ ರೂಮಿನ ಚರ್ಚೆಗೆ ತುಂಬ ಅನುಕೂಲ. ಅವರು ನೋಡಿದ್ದು ಮೂರು ಸಂಗತಿ: ಸಾಮಾನ್ಯಕ್ಕಿಂತ ಮೇಲಿನ ಸಾಮರ್ಥ್ಯ, ಹಿಡಿದ ಕೆಲಸ ಬಿಡದ ಛಲ, ಹೊಸದಾಗಿ ಯೋಚಿಸುವ ಗುಣ. ಮೂರೂ ಸೇರಿದಲ್ಲಿ ಪ್ರತಿಭೆ ಕೆಲಸ ಮಾಡುತ್ತದೆ. ಸಾಮರ್ಥ್ಯ ಅತಿ ಜಾಸ್ತಿ ಇರಬೇಕೆಂದಿಲ್ಲ, ಸರಾಸರಿಗಿಂತ ಮೇಲಿದ್ದರೆ ಸಾಕು ಎಂಬುದು ಇಲ್ಲಿನ ಮುಖ್ಯ ಮಾತು. ಹಾಗಾಗಿಯೇ ಅವರು ಶಾಲೆಯ 15ರಿಂದ 20 ಶೇಕಡಾ ಮಕ್ಕಳನ್ನು ಮೊದಲ ಗುಂಪಿಗೆ ಸೇರಿಸಿಕೊಂಡು ನೋಡಿ ಅಂದರು.

ಐಕ್ಯೂ ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಲೂಯಿಸ್ ಟರ್ಮನ್ 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ನೋಡಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿದರು. ಪರೀಕ್ಷೆ ಬರೆದೂ ಆಯ್ಕೆಯಾಗದ ಇಬ್ಬರು ಹುಡುಗರಿದ್ದರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಮುಂದೆ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ!

ನಮ್ಮ ಊರಿನಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ. ಶಾಲೆಯಲ್ಲಿ ಪುಸ್ತಕದ ಕನ್ನಡ, ಇಲ್ಲವೇ ಇಂಗ್ಲಿಷ್. ಜೊತೆಗೆ ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮಕ್ಕಳು, ವರ್ಷದ ಮಧ್ಯೆ ಶಾಲೆ ಬದಲಾಯಿಸುವವರು. ಇವರು ಬಾಯಿ ಬಿಟ್ಟು ಹೇಳುವುದು ಕಡಿಮೆ. ಹಾಗಾಗಿ ಕೆಲವು ಗುರುತುಗಳನ್ನು ಬರೆದಿಟ್ಟುಕೊಳ್ಳಿ. ‘ಹಾಗಾದರೆ ಸೊನ್ನೆಯಿಂದ ಭಾಗಿಸಿದರೆ?’ ಅಂತ ಪಾಠದ ಅಂಚು ದಾಟಿ ಕೇಳುವ ಮಗು. ಉತ್ತರ ಸರಿ ಇದ್ದು, ನಡುವಿನ ಹಂತಗಳೇ ಇಲ್ಲದ ಮಗು. ಕೆಟ್ಟ ಫ್ಯಾನ್ ಬಿಚ್ಚಿ ಜೋಡಿಸುವ ಮಗು. ಒಂದೇ ವಿಷಯಕ್ಕೆ ತಿಂಗಳುಗಟ್ಟಲೆ ಅಂಟಿಕೊಂಡು ಉಳಿದದ್ದರಲ್ಲಿ ಫೇಲಾಗುವ ಮಗು. ನಾಲ್ಕನೇ ಕ್ಲಾಸಿನಲ್ಲೇ ಯಕ್ಷಗಾನದ ಪದ ಒಮ್ಮೆ ಕೇಳಿ ತಾಳ ಸಮೇತ ಹೇಳುವ ಮಗು. ಹಾಗೆಯೇ, ಎಲ್ಲ ಗೊತ್ತಿದ್ದೂ ಕೈ ಎತ್ತದ ಹುಡುಗಿ. ಇವಳನ್ನು ನಾವು ಅತಿ ಹೆಚ್ಚು ಬಿಟ್ಟುಬಿಡುತ್ತೇವೆ.

ಓದಲು, ಬರೆಯಲು ಕಷ್ಟಪಡುವ ಮಗುವೂ ಪ್ರತಿಭಾವಂತ ಆಗಿರಬಹುದು. ಅಕ್ಷರ ತಿರುಗಾ ಮುರುಗಾ, ಆದರೆ ಮಾತಾಡಿಸಿದರೆ ತರ್ಕ ಚುರುಕು ಅಂತ ಕಂಡರೆ ಕಲಿಕಾ ನ್ಯೂನತೆಯ ತಪಾಸಣೆಗೆ ಕಳಿಸಿ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ವೈದ್ಯಕೀಯ ಕಾಲೇಜುಗಳ ಜೊತೆಗೇ ವಾಕ್ ಶ್ರವಣ ವಿಭಾಗ, ಕ್ಲಿನಿಕಲ್ ಸೈಕಾಲಜಿ ಇವೆ. ಪ್ರತಿಭೆಗೂ ತೊಂದರೆಗೂ ಎರಡಕ್ಕೂ ನೆರವು ಬೇಕಾದ ಮಗು ಅದು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಮರೆತರೆ ಅರ್ಧ ಕೆಲಸ.

ಹೆಜ್ಜೆ 2: ಹತ್ತಿರದಲ್ಲಿ ಯಾರಿದ್ದಾರೆ, ಯಾರಿಂದ ಏನು ಕೇಳಬೇಕು

ಒಂದು ದೊಡ್ಡ ಹಾಳೆಯಲ್ಲಿ ಬರೆಯಿರಿ. ಹೆಸರಿನ ದೊಡ್ಡಸ್ತಿಕೆಗಿಂತ ಬಸ್ ದಾರಿ ನೋಡಿ. ಎರಡು ಬಸ್ ಬದಲಾಯಿಸಬೇಕಾದ ವಿಶ್ವವಿದ್ಯಾಲಯಕ್ಕಿಂತ, ನಡೆದು ಹೋಗುವ ದೂರದ ಪದವಿ ಕಾಲೇಜು ಎಷ್ಟೋ ವಾಸಿ.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಶುರುವಾದದ್ದು. ಭೌತವಿಜ್ಞಾನ, ಗಣಿತ, ಜೀವವಿಜ್ಞಾನ, ಸಾಗರ ಭೂವಿಜ್ಞಾನದ ಜೊತೆಗೆ ಕನ್ನಡ ಅಧ್ಯಯನ ಸಂಸ್ಥೆಯೂ ಅಲ್ಲಿದೆ. ಭಾಷೆ, ಜಾನಪದದಲ್ಲಿ ಆಸಕ್ತಿ ಇರುವ ಮಗುವಿನ ಟೀಚರ್ ಇಲ್ಲಿಗೆ ಹೋಗಬೇಕು. ಪ್ರತಿಭೆ ಅಂದರೆ ವಿಜ್ಞಾನ ಗಣಿತ ಮಾತ್ರ ಅಂತ ನಾವು ಸುಮ್ನೆ ತೀರ್ಮಾನಿಸಿಬಿಟ್ಟಿದ್ದೇವೆ, ಅಲ್ವಾ?

ಸುರತ್ಕಲ್‌ನ ಎನ್‌ಐಟಿಕೆ, 1960ರಲ್ಲಿ ಕೆಆರ್‌ಇಸಿ ಆಗಿ ಆರಂಭವಾದ ಎಂಜಿನಿಯರಿಂಗ್ ಸಂಸ್ಥೆ. ಇಲ್ಲಿ ಪ್ರೊಫೆಸರ್‌ಗಳಷ್ಟೇ ವಿದ್ಯಾರ್ಥಿಗಳೂ ನಿಮಗೆ ಬೇಕಾದವರು. ಎಲೆಕ್ಟ್ರಾನಿಕ್ಸ್, ಕೋಡಿಂಗ್ ಗೊತ್ತಿರುವ, ಒಲಿಂಪಿಯಾಡ್ ಲೆಕ್ಕ ಬಿಡಿಸಿ ಅಭ್ಯಾಸ ಇರುವ ಹುಡುಗ ಹುಡುಗಿಯರು ಇರುತ್ತಾರೆ. ಭಾಷೆಯ ಸಮಸ್ಯೆ ಬರಬಹುದು, ದೇಶದ ಎಲ್ಲ ಕಡೆಯವರು ಅಲ್ಲಿರುತ್ತಾರೆ. ಕನ್ನಡ ಬಲ್ಲವರನ್ನೇ ಕೇಳಿ.

ಮಂಗಳೂರು ನಗರದೊಳಗೆ ಸಂತ ಅಲೋಶಿಯಸ್ ಇದೆ. 1880ರ ಕಾಲೇಜು, ಈಗ ಡೀಮ್ಡ್ ವಿಶ್ವವಿದ್ಯಾಲಯ. ಅದರ ಅಲೋಶಿಯಂ ಮ್ಯೂಸಿಯಂ ಮಕ್ಕಳಿಗಿಂತ ಮೊದಲು ಟೀಚರ್‌ಗಳು ನೋಡಬೇಕಾದ ಜಾಗ. ನಗರದ ಮೀನುಗಾರಿಕಾ ಕಾಲೇಜನ್ನು ಎಲ್ಲರೂ ಮರೆಯುತ್ತಾರೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು, 1969ರದ್ದು. ಕಡಲ ಬದಿಯ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ನೆರೆಯವರು ಸಿಗಲಿಕ್ಕಿಲ್ಲ.

ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಗ್ರಹಣ, ಉಲ್ಕಾವೃಷ್ಟಿಗಳನ್ನು ಜನರಿಗೆ ತೋರಿಸಿ, ವಿವರಿಸಿ ಹೆಸರು ಮಾಡಿದೆ. ಇಂದ್ರಾಳಿಯ ಯಕ್ಷಗಾನ ಕೇಂದ್ರ ಈಗ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಗುರುಗಳ ಹತ್ತಿರ ಕ್ರಮವಾಗಿ ಕಲಿಯುವುದು ಅಂದರೆ ಏನು ಅಂತ ತಿಳಿಯಲು ವಿಜ್ಞಾನದ ಟೀಚರ್ ಕೂಡ ಒಮ್ಮೆ ಅಲ್ಲಿ ಕೂತು ನೋಡಬೇಕು. ವಾಮಂಜೂರು ಬಳಿಯ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರ, ಸ್ವಾಮಿ ವಿವೇಕಾನಂದ ತಾರಾಲಯ ಇವೆ.

ಇವೆಲ್ಲ ವಿಷಯದ ಜ್ಞಾನಕ್ಕೆ. ಕಲಿಸುವ ವಿಧಾನಕ್ಕೆ ಬೇರೆಯವರು ಬೇಕು. ಮಂಗಳೂರಿನ ಸರ್ಕಾರಿ ಶಿಕ್ಷಕರ ಶಿಕ್ಷಣ ಕಾಲೇಜು, ಸಂತ ಆ್ಯನ್ಸ್, ಉಡುಪಿಯ ಡಾ. ಟಿ.ಎಂ.ಎ. ಪೈ ಶಿಕ್ಷಣ ಕಾಲೇಜು, ಎರಡೂ ಜಿಲ್ಲೆಗಳ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ಒಂದು ವಿಷಯ ವಿಭಾಗ, ಒಂದು ಶಿಕ್ಷಣ ಕಾಲೇಜು, ಈ ಜೋಡಿ ಕಡ್ಡಾಯ. ಬರೀ ಗಣಿತ ಪ್ರೊಫೆಸರ್ ಬಂದರೆ ಅದು ಭಾಷಣವಾಗುತ್ತದೆ. ಬರೀ ಬಿ.ಎಡ್. ಉಪನ್ಯಾಸಕರು ಬಂದರೆ ಪಾಠಯೋಜನೆಯ ನಮೂನೆ ತುಂಬಿಸುವುದರಲ್ಲೇ ಮುಗಿಯುತ್ತದೆ.

ಹೆಜ್ಜೆ 3: ಕೇಳುವ ಕ್ರಮ

ಮೊದಲೇ ಕುಲಸಚಿವರಿಗೆ ಪತ್ರ ಬರೆಯಬೇಡಿ. ಪತ್ರ ಟಪಾಲಿನಲ್ಲಿ ಸೇರಿ, ಟೇಬಲಿನಿಂದ ಟೇಬಲಿಗೆ ಹೋಗಿ, ನಿಮ್ಮ ಮಕ್ಕಳು ಮುಂದಿನ ಕ್ಲಾಸಿಗೆ ಹೋದ ಮೇಲೆ ಉತ್ತರ ಬರುತ್ತದೆ. ಮೊದಲು ಒಬ್ಬ ಮನುಷ್ಯನನ್ನು ಹುಡುಕಿ. ನಿಮ್ಮ ಶಾಲೆಯ ಹಳೆ ವಿದ್ಯಾರ್ಥಿ ಯಾರಾದರೂ ಅಲ್ಲಿ ಪಾಠ ಮಾಡುತ್ತಿರಬಹುದು. ಪೋಷಕರಲ್ಲೇ ಒಬ್ಬರು ಲ್ಯಾಬ್‌ನಲ್ಲಿ ಕೆಲಸದಲ್ಲಿರಬಹುದು. ಅವರ ಜೊತೆ ಮಾತಾಡಿ, ಆಮೇಲೆ ವಿಭಾಗದ ಮುಖ್ಯಸ್ಥರನ್ನು ಕಂಡು, ಕೊನೆಗೆ ಅಧಿಕೃತ ಪತ್ರ.

ಕಾಲೇಜುಗಳಿಗೂ ನಿಮ್ಮ ಅಗತ್ಯ ಇದೆ ಎಂಬುದು ನೆನಪಿರಲಿ. ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್ ಮೌಲ್ಯಮಾಪನದಲ್ಲಿ ವಿಸ್ತರಣಾ ಚಟುವಟಿಕೆಗೆ, ಅಂದರೆ ಕ್ಯಾಂಪಸ್ಸಿನ ಹೊರಗೆ ಸಮಾಜಕ್ಕಾಗಿ ಮಾಡುವ ಕೆಲಸಕ್ಕೆ, ಅಂಕ ಇದೆ. ಎನ್‌ಎಸ್‌ಎಸ್ ಘಟಕಗಳಿಗೆ ಕೆಲಸ ಬೇಕು. ಎರಡು ವರ್ಷದ ಬಿ.ಎಡ್.ನಲ್ಲಿ ವಿದ್ಯಾರ್ಥಿಗಳು ಒಟ್ಟು 20 ವಾರ ಶಾಲೆಯಲ್ಲಿರಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಆ 16 ವಾರಕ್ಕೆ ಬರುವ ಪ್ರಶಿಕ್ಷಣಾರ್ಥಿಗಳಲ್ಲಿ ಇಬ್ಬರನ್ನು ಈ ಕೆಲಸಕ್ಕೇ ಬಿಡಿ ಅಂತ ಕೇಳಿ. ಇದು ಚಿನ್ನದಂಥ ಅವಕಾಶ. ಕ್ಲಾಸಿನಲ್ಲಿ ಇಬ್ಬರು ದೊಡ್ಡವರಿದ್ದರೆ ಒಬ್ಬರು ಪಾಠ ಮಾಡಬಹುದು, ಇನ್ನೊಬ್ಬರು ಮುಂದೆ ಹೋದ ನಾಲ್ಕು ಮಕ್ಕಳ ಜೊತೆ ಕೂರಬಹುದು. ಅಷ್ಟೇ ಬೇಕಾಗಿರುವುದು.

ಒಪ್ಪಂದ ಎರಡು ಪುಟ ಮೀರದಿರಲಿ. ಯಾರು ಬರುತ್ತಾರೆ, ತಿಂಗಳಿಗೆ ಎಷ್ಟು ಸಲ, ಯಾವ ವಿಷಯ, ಬಸ್ ಚಾರ್ಜು ಯಾರದು, ಒಂದು ವರ್ಷದ ನಂತರ ಏನು. ಸರ್ಕಾರಿ, ಅನುದಾನಿತ ಶಾಲೆಯಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯ ನಿರ್ಣಯ ಎರಡೂ ಇರಲಿ. ಸುತ್ತಲಿನ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಿಆರ್‌ಪಿಯನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಕ್ಲಸ್ಟರ್‌ನ ಉಳಿದ ಶಾಲೆಗಳಿಗೆ ವಿಷಯ ತಲುಪುವುದು ಅವರಿಂದಲೇ.

ಮಕ್ಕಳ ಸುರಕ್ಷತೆಯ ಸಾಲುಗಳನ್ನು ಬಿಡಲೇಬೇಡಿ. ಹೊರಗಿನಿಂದ ಬಂದ ಯಾರೂ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ. ಮಗುವಿನ ಫೋನ್ ನಂಬರ್ ತೆಗೆದುಕೊಳ್ಳುವಂತಿಲ್ಲ, ಸಂದೇಶ ಎಲ್ಲ ಟೀಚರ್ ಮೂಲಕವೇ. ಹೊರಗೆ ಹೋಗುವಾಗ ಪೋಷಕರ ಲಿಖಿತ ಒಪ್ಪಿಗೆ ಬೇಕು. ಪೋಕ್ಸೊ ಕಾಯ್ದೆಯ ಬಗ್ಗೆ ಬರುವ ಸ್ವಯಂಸೇವಕರಿಗೆ ಮೊದಲೇ ಅರ್ಧ ಗಂಟೆ ವಿವರಿಸಿ. ದೊಡ್ಡ ಸಂಸ್ಥೆಯವರು ಅಂತ ಸಂಕೋಚ ಬೇಡ.

ಸಮಯದ ಮಾತು. ಮಾತುಕತೆ ಏಪ್ರಿಲ್-ಮೇಯಲ್ಲಿ ಮುಗಿಯಲಿ. ಜೂನ್-ಜುಲೈಯಲ್ಲಿ ಮಳೆಗೆ ರಜೆ ಯಾವತ್ತು ಎಂಬುದು ಜಿಲ್ಲಾಧಿಕಾರಿಗಳಿಗೂ ಹಿಂದಿನ ರಾತ್ರಿಯೇ ಗೊತ್ತಾಗುವುದು. ಆ ಎರಡು ತಿಂಗಳಿಗೆ ದೊಡ್ಡ ಕಾರ್ಯಕ್ರಮ ಹಾಕಬೇಡಿ.

ಹೆಜ್ಜೆ 4: ಟೀಚರ್ ತರಬೇತಿ

ಇದೇ ಈ ಇಡೀ ಕೆಲಸದ ತಿರುಳು. ಒಂದು ದಿನದ ಕಾರ್ಯಾಗಾರ, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ ಎಂಬ ಮಾದರಿಯನ್ನು ಬಿಟ್ಟುಬಿಡಿ. ಟೀಚರ್‌ಗಳು ಇಂಥವನ್ನು ಸಾಕಷ್ಟು ನೋಡಿದ್ದಾರೆ. ವರ್ಷವಿಡೀ ಸ್ವಲ್ಪ ಸ್ವಲ್ಪ ನಡೆಯುವ ತರಬೇತಿ ಬೇಕು. ನಾನು ಸೂಚಿಸುವ ಕ್ರಮ ಹೀಗಿದೆ.

*ಜೂನ್, ಜುಲೈ: ನೋಡುವುದು.* ಒಂದು ನೋಟ್‌ಬುಕ್. ಪ್ರತಿ ಶುಕ್ರವಾರ ಹತ್ತು ನಿಮಿಷ ಬರೆಯುವುದು: ಈ ವಾರ ನನ್ನನ್ನು ಅಚ್ಚರಿಪಡಿಸಿದ ಪ್ರಶ್ನೆ ಅಥವಾ ಉತ್ತರ ಯಾವುದು, ಯಾರದು? ಮಗುವಿನ ಮಾತನ್ನು ಅದು ಹೇಳಿದ ಹಾಗೆಯೇ ಬರೆಯಬೇಕು, ತುಳುವಿನಲ್ಲಿ ಹೇಳಿದ್ದರೆ ತುಳುವಿನಲ್ಲೇ. ‘ತುಂಬ ಚುರುಕು’ ಅಂತ ಬರೆದರೆ ಪ್ರಯೋಜನ ಇಲ್ಲ. ಶಿಕ್ಷಣ ಕಾಲೇಜಿನ ಉಪನ್ಯಾಸಕರು ತಿಂಗಳಿಗೊಮ್ಮೆ ಬಂದು ಈ ಪುಟಗಳನ್ನು ಟೀಚರ್‌ಗಳ ಜೊತೆ ಓದಬೇಕು. ಸಮಾಲೋಚನಾ ಸಭೆಯ ಒಂದು ಗಂಟೆಯನ್ನು ಇದಕ್ಕೇ ಕೊಡಿಸಿದರೆ ಇನ್ನೂ ಒಳ್ಳೆಯದು. ಇನ್ನೊಬ್ಬರ ಪುಟ ಕೇಳುತ್ತಾ ಕೂತಾಗಲೇ ‘ಅರೆ, ನಮ್ಮ ಕ್ಲಾಸಿನಲ್ಲೂ ಒಬ್ಬ ಹೀಗೇ ಇದ್ದಾನೆ’ ಅಂತ ಹೊಳೆಯುವುದು.

*ಆಗಸ್ಟ್, ಸೆಪ್ಟೆಂಬರ್: ಗೊತ್ತಿರುವುದನ್ನು ಬಿಟ್ಟು ಮುಂದೆ ಹೋಗುವುದು.* ಮಗುವಿಗೆ ಆಗಲೇ ಬರುವುದನ್ನು ಮತ್ತೆ ಕಲಿಸಬಾರದು. ಕೇಳಲು ಸುಲಭ, ಮಾಡಲು ಟೀಚರ್‌ಗೆ ಧೈರ್ಯ ಬೇಕು. ಹೀಗೆ ಶುರು ಮಾಡಬಹುದು. ಅನುಪಾತದ ಅಧ್ಯಾಯ ಅಂತಿಟ್ಟುಕೊಳ್ಳಿ. ಅಭ್ಯಾಸದ ಕೊನೆಯಲ್ಲಿರುವ ಅತಿ ಕಷ್ಟದ ಐದು ಲೆಕ್ಕ ಆರಿಸಿ. ಮೊದಲ ದಿನವೇ ಬೋರ್ಡಿನಲ್ಲಿ ಬರೆದು, ಬೇಕಾದವರು ಮಾಡಬಹುದು ಅನ್ನಿ. ನಾಲ್ಕು ಸರಿ ಬಂದರೆ ಉಳಿದ ಅಭ್ಯಾಸ ಮಾಡಬೇಕಾಗಿಲ್ಲ. ಆ ಸಮಯದಲ್ಲಿ ಬೇರೆ ಕೆಲಸ. ಯಾರು ಬೇಕಾದರೂ ಪ್ರಯತ್ನಿಸಬಹುದು ಎಂಬುದು ಇಲ್ಲಿ ಮುಖ್ಯ. ಟೀಚರ್ ಎಣಿಸದ ಮಗುವೊಂದು ನಾಲ್ಕು ಸರಿ ಮಾಡಿ ತಂದಿಟ್ಟಾಗ ಗುರುತಿಸುವ ಕೆಲಸ ತನ್ನಷ್ಟಕ್ಕೇ ಆಗಿರುತ್ತದೆ.

‘ಪೋರ್ಷನ್ ಬಿಟ್ಟರೆ ಪರೀಕ್ಷೆಯಲ್ಲಿ ಹಿಂದೆ ಬೀಳುವುದಿಲ್ಲವಾ?’ ಅಂತ ಹೆಡ್‌ಮಾಸ್ಟರ್ ಕೇಳಿಯೇ ಕೇಳುತ್ತಾರೆ. ರೆಂಜುಲಿ ಮತ್ತು ಸ್ಯಾಲಿ ರೀಸ್ ಅವರ ತಂಡ ಇದನ್ನೇ ಪರೀಕ್ಷಿಸಿ ನೋಡಿತ್ತು. ಮುಂದಿರುವ ಮಕ್ಕಳಿಗೆ ಪಾಠದ 40ರಿಂದ 50 ಶೇಕಡಾ ಭಾಗ ತೆಗೆದರೂ ಅವರ ಅಂಕ ಇಳಿಯಲಿಲ್ಲ. ಆದರೂ ಎಸ್ಸೆಸ್ಸೆಲ್ಸಿ ಕ್ಲಾಸಿನಲ್ಲಿ ಇದನ್ನು ಶುರು ಮಾಡಲು ಹೋಗಬೇಡಿ. ಆರು, ಏಳು, ಎಂಟು ಒಳ್ಳೆಯ ಜಾಗ.

*ದಸರಾ ರಜೆ: ಎರಡು ದಿನ ಕ್ಯಾಂಪಸ್ಸಿನಲ್ಲಿ.* ಈಗ ವಿಷಯ ವಿಭಾಗದ ಸರದಿ. ಇಲ್ಲಿ ಟೀಚರ್‌ಗಳೇ ವಿದ್ಯಾರ್ಥಿಗಳು. ಅವರಿಗೆ ಭಾಷಣ ಬೇಡ, ಅವರೇ ತಲೆ ಕೆಡಿಸಿಕೊಳ್ಳುವಂಥ ಪ್ರಶ್ನೆ ಕೊಡಬೇಕು. ಒಂದು ಉದಾಹರಣೆ ನೋಡಿ.

1, 2, 3 ಹೀಗೆ ಒಂದರ ನಂತರ ಒಂದು ಬರುವ, ಸೊನ್ನೆಗಿಂತ ದೊಡ್ಡ ಎರಡಾದರೂ ಸಂಖ್ಯೆಗಳನ್ನು ಕೂಡಿಸಿ ಯಾವ ಯಾವ ಸಂಖ್ಯೆ ಪಡೆಯಬಹುದು? 9 ಬರುತ್ತದೆ: 4+5, ಅಥವಾ 2+3+4. 15 ಮೂರು ರೀತಿಯಲ್ಲಿ ಬರುತ್ತದೆ: 7+8, 4+5+6, 1+2+3+4+5. ಯಾವುದು ಬರುವುದೇ ಇಲ್ಲ? ಐದನೇ ಕ್ಲಾಸಿನ ಮಗುವೂ ಕೂಡಿಸುತ್ತಾ ಕೂತರೆ 1, 2, 4, 8, 16 ಬರುವುದಿಲ್ಲ ಅಂತ ಕಂಡುಕೊಳ್ಳುತ್ತದೆ. ಏಕೆ ಬರುವುದಿಲ್ಲ ಅಂತ ಎಂಟು-ಒಂಬತ್ತನೆಯ ಕ್ಲಾಸಿನ ಮಗು ತರ್ಕಿಸಬಹುದು. ಎಷ್ಟು ರೀತಿಯಲ್ಲಿ ಬರುತ್ತದೆ ಅಂತ ಮೊದಲೇ ಹೇಳಬಹುದಾ? ಆ ಸಂಖ್ಯೆಯ ಬೆಸ ಭಾಜಕಗಳನ್ನು ಎಣಿಸಿ ಒಂದು ಕಳೆಯಿರಿ. 15ಕ್ಕೆ 1, 3, 5, 15, ನಾಲ್ಕು ಬೆಸ ಭಾಜಕ. ಒಂದು ಕಳೆದರೆ ಮೂರು. ಸಾಧಿಸಲು ಪದವಿಯವರೂ ಸ್ವಲ್ಪ ಕೂರಬೇಕು. ಎಲ್ಲರೂ ಒಳಗೆ ಬರಬಹುದಾದ, ಆದರೆ ಬೇಗ ಮುಗಿಯದ ಇಂಥ ಪ್ರಶ್ನೆಗಳನ್ನು ಪ್ರತಿ ವಿಷಯಕ್ಕೂ ಹತ್ತಾದರೂ ಸೇರಿಸಿ, ಕನ್ನಡದಲ್ಲಿ ಬರೆದು, ಜೆರಾಕ್ಸ್ ಮಾಡಿ ಟೀಚರ್‌ಗಳ ಕೈಗೆ ಕೊಡುವುದು ಈ ಎರಡು ದಿನದ ಫಲವಾಗಬೇಕು. ‘ಉಳಿದ ಸಮಯದಲ್ಲಿ ಬೇರೆ ಕೆಲಸ’ ಅಂದೆನಲ್ಲ, ಆ ಕೆಲಸ ಇದೇ.

*ನವೆಂಬರ್, ಡಿಸೆಂಬರ್: ಕ್ಲಾಸಿಗೆ ಬಂದು ಕೂರುವುದು.* ಉಪನ್ಯಾಸಕರು ಟೀಚರ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಬೇಕು. ತಪ್ಪು ಹುಡುಕುವುದಕ್ಕೆ ಬಂದಿಲ್ಲ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. ನೋಡಬೇಕಾದದ್ದು ಒಂದೇ: ಪಟ್ಟಿಯಲ್ಲಿರುವ ಮೂರು ಮಕ್ಕಳು ಈ ಪೀರಿಯಡ್‌ನಲ್ಲಿ ಹೊಸದೇನನ್ನಾದರೂ ಕಲಿತರಾ? ಪಾಠ ಮುಗಿದ ಮೇಲೆ ಚಹಾ ಕುಡಿಯುತ್ತಾ ಕಾಲು ಗಂಟೆ ಮಾತು. ತರಬೇತಿಯ ಎಲ್ಲ ಭಾಗಗಳಲ್ಲಿ ಇದೇ ದುಬಾರಿ, ಇದೇ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದು. ನನ್ನನ್ನು ಕೇಳಿದರೆ ಉಳಿದದ್ದರಲ್ಲಿ ಏನನ್ನಾದರೂ ಕಡಿಮೆ ಮಾಡಿ, ಇದನ್ನು ಉಳಿಸಿಕೊಳ್ಳಿ.

*ಜನವರಿ ನಂತರ* ಹೊಸದು ಬೇಡ. ಪರೀಕ್ಷೆಯ ಗಡಿಬಿಡಿಯಲ್ಲಿ ಯಾರಿಗೂ ಕಿವಿ ಇರುವುದಿಲ್ಲ.

ತರಬೇತಿಯಲ್ಲಿ ಇನ್ನೊಂದನ್ನು ಅಭ್ಯಾಸ ಮಾಡಿಸಬೇಕು. ‘ನನಗೆ ಗೊತ್ತಿಲ್ಲ, ಹುಡುಕೋಣ’ ಅನ್ನುವುದು. ಮಗು ಕಪ್ಪು ಕುಳಿಯ ಬಗ್ಗೆ ಕೇಳಿತು ಅಂತ ಟೀಚರ್ ಗದರಿದರೆ ಅದು ಸಿಟ್ಟಲ್ಲ, ಭಯ. ಆ ಪ್ರಶ್ನೆಯನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟು, ತಿಂಗಳ ಕೊನೆಗೆ ಕಾಲೇಜಿಗೆ ಕಳಿಸಿ ಉತ್ತರ ತರಿಸುವ ವ್ಯವಸ್ಥೆ ಇದ್ದರೆ ಭಯ ಹೋಗುತ್ತದೆ. ವಾಟ್ಸಾಪ್ ಗುಂಪು ಸಾಕು. ಉತ್ತರ ಟೀಚರ್‌ಗೆ ಬರಬೇಕು, ಅವರೇ ಮಗುವಿಗೆ ಹೇಳಬೇಕು.

ಹೆಜ್ಜೆ 5: ಪರೀಕ್ಷೆ ಬೇಕಾ?

ಹೆಚ್ಚಿನ ಮಕ್ಕಳಿಗೆ ಬೇಡ. ಟೀಚರ್ ನೋಟ್‌ಬುಕ್, ಮಗು ಮಾಡಿದ ಕೆಲಸ, ಪೋಷಕರ ಮಾತು, ಸಹಪಾಠಿಗಳ ಮಾತು ಇಷ್ಟು ಸಾಕು. ‘ಕರೆಂಟು ಇಲ್ಲದ ದ್ವೀಪದಲ್ಲಿ ಸಿಕ್ಕಿಬಿದ್ದರೆ ಕ್ಲಾಸಿನಲ್ಲಿ ಯಾರನ್ನು ಜೊತೆಗೆ ಕರೆದೊಯ್ಯುತ್ತೀರಿ?’ ಅಂತ ಮಕ್ಕಳನ್ನು ಕೇಳಿ ನೋಡಿ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಹೆಸರುಗಳು ಬರುತ್ತವೆ.

ಮಗು ತುಂಬ ಮುಂದಿದೆ, ಅಥವಾ ಪ್ರತಿಭೆಯೂ ಕಲಿಕಾ ತೊಂದರೆಯೂ ಸೇರಿವೆ ಅನ್ನಿಸಿದರೆ ಮಾತ್ರ ಅರ್ಹ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ. ಬಿನೆ-ಕಾಮತ್ ಬುದ್ಧಿಮತ್ತೆ ಪರೀಕ್ಷೆಯ ಹೆಸರು ಕೇಳಿರಬಹುದು. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಧಾರವಾಡ ಕಡೆಯ ಕನ್ನಡ, ಮರಾಠಿ ಮಾತಾಡುವ ಮಕ್ಕಳ ಮೇಲೆ ನೋಡಿ ಹೊಂದಿಸಿದ್ದು ಅದು. ಭಾಷೆಯ ಅಡ್ಡಿ ಇರುವ ಮಗುವಿಗೆ ರೇವನ್ಸ್‌ನಂಥ ಚಿತ್ರಗಳ ಪರೀಕ್ಷೆ ವಾಸಿ. ಬಂದ ಅಂಕೆಯನ್ನು ಮಗುವಿಗಾಗಲಿ ಕ್ಲಾಸಿಗಾಗಲಿ ಹೇಳಬೇಡಿ. ಟೀಚರ್ ಏನು ಬದಲಾಯಿಸಬೇಕು ಎಂಬುದನ್ನು ಮಾತ್ರ ವರದಿಯಲ್ಲಿ ಕೇಳಿ.

ಹೆಜ್ಜೆ 6: ಈಗ ಮಕ್ಕಳು ಕ್ಯಾಂಪಸ್ಸಿಗೆ

ಟೀಚರ್ ತಯಾರಾದ ಮೇಲೆ ಮಕ್ಕಳ ಕಾರ್ಯಕ್ರಮ. ಶನಿವಾರ ಬೆಳಗ್ಗಿನ ಶಾಲೆ ಮುಗಿದ ಮೇಲೆ ಎರಡು ಗಂಟೆ ಅನುಕೂಲ. ಹತ್ತಿರದ ಮೂರು ನಾಲ್ಕು ಶಾಲೆ ಸೇರಿದರೆ ಹದಿನೈದು ಇಪ್ಪತ್ತು ಮಕ್ಕಳಾಗುತ್ತಾರೆ. ಪ್ರತಿ ಶಾಲೆಯಿಂದ ಒಬ್ಬ ಟೀಚರ್ ಜೊತೆಗೆ ಬಂದು ಕೂತು ಕಲಿಯಲೇಬೇಕು. ಅವರು ಕ್ಯಾಂಟೀನಿಗೆ ಹೋಗುವಂತಿಲ್ಲ!

ಎಂಟು ವಾರ ಎಂಟು ವಿಷಯ ಬೇಡ. ಒಂದೇ ವಿಷಯ ಸಾಕು, ಅದೂ ಊರಿನದೇ. ಭರತ ಇಳಿತ ತೆಗೆದುಕೊಳ್ಳಿ. ಮಲ್ಪೆಯಲ್ಲೋ ಗುರುಪುರ ಹೊಳೆಯ ಅಳಿವೆಯ ಕಡೆಯೋ ಮನೆ ಇರುವ ಮಗುವಿಗೆ ನೀರು ದಿನಕ್ಕೆ ಎರಡು ಸಲ ಏರುತ್ತದೆ ಅಂತ ಗೊತ್ತು. ಮರುದಿನ ಸುಮಾರು 50 ನಿಮಿಷ ತಡ ಆಗುತ್ತದೆ ಎಂಬುದನ್ನು ಅಳೆದು ಕಂಡುಹಿಡಿಯಲಿ. ಜೆಟ್ಟಿಯ ಕಂಬಕ್ಕೆ ದೊಡ್ಡವರು ಅಳತೆ ಪಟ್ಟಿ ಕಟ್ಟಿಕೊಡಲಿ, ಮಕ್ಕಳು ದೂರದಿಂದ ಓದಿ ಬರೆಯಲಿ. ಏಕೆ 50 ನಿಮಿಷ? ಹುಣ್ಣಿಮೆ ಅಮಾವಾಸ್ಯೆಗೆ ಏಕೆ ಜಾಸ್ತಿ? ದಿನದ ಎರಡು ಭರತ ಒಂದೇ ಎತ್ತರ ಏಕೆ ಇರುವುದಿಲ್ಲ? ಮೊದಲ ಪ್ರಶ್ನೆಗೆ ಮೀನುಗಾರ ಅಜ್ಜ ಅರ್ಧ ಉತ್ತರ ಕೊಡುತ್ತಾರೆ. ಕೊನೆಯದಕ್ಕೆ ಎನ್‌ಐಟಿಕೆಯ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗವೇ ಬೇಕು. ಮಳೆ ಅಳೆಯುವುದು, ಮುರಕಲ್ಲು ಏಕೆ ತೆಗೆದ ಮೇಲೆ ಗಟ್ಟಿಯಾಗುತ್ತದೆ, ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಶಿಲೆಗಳು, ಇವೂ ಹೀಗೇ ನಡೆಯುತ್ತವೆ. ಕಲೆ, ಭಾಷೆಯ ಮಕ್ಕಳಿಗೆ ಒಂದು ಪಾಡ್ದನವನ್ನು (ತುಳುವಿನ ಕಥನ ಹಾಡು) ಮೂವರ ಬಾಯಲ್ಲಿ ಕೇಳಿ ಬರೆದು ಹೋಲಿಸುವುದು.

ಕೊನೆಗೆ ಮಕ್ಕಳ ಕೆಲಸವನ್ನು ನಿಜವಾಗಿ ಬೇಕಾದವರ ಎದುರು ಇಡಿಸಿ. ಭರತದ ಲೆಕ್ಕ ಮೀನುಗಾರರ ಎದುರು, ಮಳೆಯ ಲೆಕ್ಕ ಗ್ರಾಮ ಪಂಚಾಯತಿನ ಎದುರು. ಅವರು ಕೇಳುವ ಪ್ರಶ್ನೆ ತೀರ್ಪುಗಾರರ ಪ್ರಶ್ನೆಗಿಂತ ಕಠಿಣ ಇರುತ್ತದೆ.

ಹೆಜ್ಜೆ 7: ಇರುವ ದಾರಿಗಳನ್ನು ಬಳಸಿ

ಒಂದು ವಿಷಯದಲ್ಲಿ ಮಾತ್ರ ಮುಂದಿರುವ ಮಗುವನ್ನು ಆ ಪೀರಿಯಡ್‌ಗೆ ಮೇಲಿನ ಕ್ಲಾಸಿನಲ್ಲಿ ಕೂರಿಸಬಹುದು. ಏಳರ ಮಗು ಒಂಬತ್ತರ ಲೆಕ್ಕಕ್ಕೆ. ಟೈಮ್‌ಟೇಬಲ್ ಹೊಂದಿಸಿದರೆ ಸಾಕು, ಖರ್ಚಿಲ್ಲ. ಇಡೀ ಕ್ಲಾಸು ಹಾರಿಸುವ ಆತುರ ಬೇಡ.

ಗಣಿತ ಒಲಿಂಪಿಯಾಡ್‌ಗೆ ಮೊದಲ ಮೆಟ್ಟಿಲು ಐಒಕ್ಯೂಎಂ ಎಂಬ ಅರ್ಹತಾ ಪರೀಕ್ಷೆ, ಆಮೇಲೆ ಪ್ರಾದೇಶಿಕ, ನಂತರ ರಾಷ್ಟ್ರೀಯ ಸುತ್ತು. ಮುಂಬಯಿಯ ಹೋಮಿ ಭಾಭಾ ಕೇಂದ್ರ ಇದರ ಹೊಣೆ ಹೊತ್ತಿದೆ. ಹೆಸರಿನಲ್ಲಿ ಒಲಿಂಪಿಯಾಡ್ ಅಂತ ಇರುವ ಖಾಸಗಿ ಪರೀಕ್ಷೆಗಳು ಬೇರೆ, ಪೋಷಕರಿಗೆ ಇದನ್ನು ಬಿಡಿಸಿ ಹೇಳಿ. ಸ್ವಂತ ಯೋಚನೆ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆ ಇದೆ. ಶಾಲೆ ಹೆಸರು ಕಳಿಸಬೇಕು, ಆಯ್ಕೆಯಾದರೆ 10,000 ರೂಪಾಯಿ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಸರ್ಕಾರಿ, ಅನುದಾನಿತ ಶಾಲೆಯ, ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ಮೀರದ ಮಕ್ಕಳಿಗೆ, ಆಯ್ಕೆಯಾದರೆ, ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಕನ್ನಡದಲ್ಲಿ ಓದಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ತರಿಸಿ.

ಹೆಜ್ಜೆ 8: ತಕರಾರುಗಳು

‘ನಮ್ಮ ಮಗಳನ್ನು ಏಕೆ ಸೇರಿಸಲಿಲ್ಲ?’ ಇದು ಬಂದೇ ಬರುತ್ತದೆ. ಪಟ್ಟಿಯನ್ನು ಬೋರ್ಡಿಗೆ ಅಂಟಿಸದಿದ್ದರೆ, ವರ್ಷದ ಮಧ್ಯೆಯೂ ಸೇರಬಹುದು ಬಿಡಬಹುದು ಅಂತಿದ್ದರೆ ಅರ್ಧ ಜಗಳ ಕಡಿಮೆ. ‘ಪ್ರತಿಭಾವಂತರ ಗುಂಪು’ ಅಂತ ಹೆಸರಿಡಬೇಡಿ. ಶನಿವಾರದ ಗುಂಪು, ಭರತದ ಗುಂಪು ಅನ್ನಿ.

ಇನ್ನೊಂದು ಕಡೆಯಿಂದ ಬರುವ ತಕರಾರು: ಹಿಂದುಳಿದ ಮಕ್ಕಳನ್ನು ಬಿಟ್ಟು ಹುಷಾರಿದ್ದವರಿಗೆ ಏಕೆ? ನ್ಯಾಯವಾದ ಪ್ರಶ್ನೆ. ಉತ್ತರ ಕ್ಲಾಸಿನಲ್ಲೇ ಇದೆ. ಪ್ರಶ್ನೆ ಕೇಳುವುದು ಹೇಗೆ, ಕಾಯುವುದು ಹೇಗೆ ಅಂತ ಟೀಚರ್ ಕಲಿತರೆ ಮೂವತ್ತೈದು ಮಕ್ಕಳಿಗೂ ಲಾಭ. ನೆರವು ಟೀಚರ್‌ಗೆ ಮೊದಲು ಅಂತ ನಾನು ಹಠ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಕೋಚಿಂಗ್ ಸೆಂಟರಿನವರು ಬಂದು ನಿಮ್ಮ ಪಟ್ಟಿ ಕೇಳಿದರೆ ಕೊಡಬೇಡಿ.

ಹೆಜ್ಜೆ 9: ಮಾರ್ಚ್‌ನಲ್ಲಿ ಲೆಕ್ಕ ನೋಡಿ

ಎಷ್ಟು ಕಾರ್ಯಕ್ರಮ, ಎಷ್ಟು ಜನ, ಎಷ್ಟು ಫೋಟೋ ಎಂಬ ವರದಿ ಕಾಲೇಜಿಗೆ ಬೇಕು, ಬರೆದುಕೊಡಿ. ನಿಮಗೆ ಬೇಕಾದ ಪ್ರಶ್ನೆಗಳು ಬೇರೆ. ಜೂನ್‌ನ ಪಟ್ಟಿಯಲ್ಲಿ ಇಲ್ಲದೆ ಮಾರ್ಚ್‌ನ ಪಟ್ಟಿಯಲ್ಲಿ ಇರುವ ಹೆಸರುಗಳು ಯಾವುವು? ಅವರಲ್ಲಿ ಹುಡುಗಿಯರು ಎಷ್ಟು, ಮನೆಯಲ್ಲಿ ಬೇರೆ ಭಾಷೆ ಮಾತಾಡುವವರು ಎಷ್ಟು? ಟೀಚರ್ ಪಾಠಯೋಜನೆಯಲ್ಲಿ ಮುಂದಿರುವ ಮಕ್ಕಳಿಗೆ ಬೇರೆ ಕೆಲಸ ಬರೆದ ದಿನಗಳು ಜಾಸ್ತಿಯಾದವಾ? ಕಾಲೇಜಿನವರು ಬರದ ವಾರದಲ್ಲೂ ಅದು ನಡೆಯಿತಾ?

ಆಮೇಲೆ ವರ್ಗಾವಣೆಯ ವಿಷಯ. ತರಬೇತಾದ ಟೀಚರ್ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಬೈಂದೂರಿಗೋ ಸುಳ್ಯಕ್ಕೋ ಹೋಗಬಹುದು. ಅದಕ್ಕೇ ಒಂದು ಶಾಲೆಯಿಂದ ಒಬ್ಬರ ಬದಲು ಇಬ್ಬರನ್ನು ತಯಾರು ಮಾಡಿ. ಹೋಗುವವರು ನೋಟ್‌ಬುಕ್, ಪ್ರಶ್ನೆಗಳ ಜೆರಾಕ್ಸ್, ಕಾಲೇಜಿನವರ ಫೋನ್ ನಂಬರ್, ಒಪ್ಪಂದದ ಪ್ರತಿ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ, ಬರುವವರ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳಲಿ. ಹೊಸ ಶಾಲೆಗೆ ಪ್ರಶ್ನೆಗಳ ಒಂದು ಸೆಟ್ ಒಯ್ಯಲು ಮರೆಯದಿರಲಿ.